ಟ್ರೇಲರಿನಲ್ಲಿ ಕುಳಿತವರಿಗೆ ವಿಮೆಯ ರಕ್ಷಣೆಯುಂಟೇ?

ಕುಷ್ಟಗಿಯ ಮೂಲಕ ಹಾದುಹೋಗುವ 50ನೇ ರಾಷ್ಟ್ರೀಯ ಹೆದ್ದಾರಿಯಲ್ಲಿಯೂ ಅದರ ಇಕ್ಕೆಲದ ಹಳ್ಳಿದಾರಿಗಳಲ್ಲಿಯೂ ಕೂಲಿಗೆ, ಜಾತ್ರೆಗೆ, ಮದುವೆಗೆ ಹೊರಟವರನ್ನು ತುಂಬಿಕೊಂಡ ಟ್ರ್ಯಾಕ್ಟರ್ ಟ್ರೇಲರುಗಳು ಸಾಮಾನ್ಯ ನೋಟವಾಗಿದ್ದು, ವಾಹನಕ್ಕೆ ವಿಮೆಯಿದ್ದರೆ ಅದರಲ್ಲಿ ಕುಳಿತ ಎಲ್ಲರಿಗೂ ವಿಮೆಯಿದ್ದಂತೆಯೇ ಎಂಬ ನಂಬಿಕೆ ಜನರಲ್ಲಿ ಬೇರೂರಿದೆ. ಅಪಘಾತ ವಿಮೆಯ ಬಗೆಗಿನ ತಪ್ಪು ಕಲ್ಪನೆಗಳಲ್ಲಿ ಬಡವರಿಗೆ ಅತ್ಯಂತ ದುಬಾರಿಯಾಗುವುದು ಇದೇ.

1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಮು ಕಡ್ಡಾಯಗೊಳಿಸಿರುವುದು ಮೂರನೆಯ ವ್ಯಕ್ತಿಯ ವಿಮೆಯನ್ನು, ಅಂದರೆ ವಾಹನದಿಂದ ಹಾನಿಗೊಳಗಾದವರಿಗೆ ಮಾಲೀಕನು ಕೊಡಬೇಕಾದ ಪರಿಹಾರದ ಹೊರೆಯನ್ನು ಕಂಪನಿಯು ಹೊರುವ ಒಪ್ಪಂದವನ್ನು. 1994ರ ತಿದ್ದುಪಡಿಯಿಂದ ಸರಕು ವಾಹನದಲ್ಲಿ ತನ್ನ ಸರಕಿನೊಡನೆ ಹೋಗುವ ಮಾಲೀಕನಿಗೂ ಅವನ ಅಧಿಕೃತ ಪ್ರತಿನಿಧಿಗೂ ಈ ರಕ್ಷಣೆ ದೊರೆಯಿತಾದರೂ, ಅಂಥ ವಾಹನವನ್ನು ಸುಮ್ಮನೆ ಏರಿದ ಪ್ರಯಾಣಿಕರಿಗೆ ಕಂಪನಿಯು ಹೊಣೆಯಲ್ಲವೆಂದು ಸುಪ್ರೀಂ ಕೋರ್ಟ್ 2002ರ ಡಿಸೆಂಬರಿನಲ್ಲಿ ಆಶಾ ರಾಣಿ ಪ್ರಕರಣದಲ್ಲಿ ತೀರ್ಪಿತ್ತಿತು. ಮೊದಲು ಕಂಪನಿಯಿಂದ ಕೊಡಿಸಿ ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲು ನ್ಯಾಯಾಲಯಗಳು ಹೇಳಿದ್ದೂ ಉಂಟು, ಆದರೆ ಅದು ಹಕ್ಕಿನಂತೆ ಕೇಳಿ ಪಡೆಯುವಂಥದಲ್ಲ. ಹೊಣೆಯೆಲ್ಲ ಮಾಲೀಕನ ಮೇಲೆ ಬಿದ್ದಾಗ, ಅವನೂ ಸಾಲ ಮಾಡಿ ಟ್ರ್ಯಾಕ್ಟರ್ ಕೊಂಡ ಸಣ್ಣ ರೈತನಾಗಿದ್ದರೆ, ತೀರ್ಪು ಕೈಗೆ ಬಂದರೂ ಹಣ ಬರುವುದಿಲ್ಲ.

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಭ್ರಮೆಯೆಂದರೆ, ಚಾಲಕನ ಲೈಸನ್ಸ್ ಸರಿಯಿಲ್ಲದಿದ್ದರೆ ಗುದ್ದಿಸಿಕೊಂಡವರಿಗೆ ಏನೂ ಸಿಗದು ಎಂಬುದು. 2004ರ ಸ್ವರಣ್ ಸಿಂಗ್ ತೀರ್ಪಿನ ಪ್ರಕಾರ ಮಾಲೀಕನ ತಪ್ಪನ್ನು ಕಂಪನಿಯೇ ಸಾಬೀತುಪಡಿಸಬೇಕು, ಸಾಬೀತಾದರೂ ನೊಂದವರಿಗೆ ಮೊದಲು ಹಣ ತೆತ್ತು ಅನಂತರ ಮಾಲೀಕನಿಂದ ವಸೂಲಿ ಮಾಡಿಕೊಳ್ಳುವಂತೆ ಅದಕ್ಕೆ ಆದೇಶಿಸಬಹುದು.

ಕಂಪನಿ ಹೇಳಿದ ಮೊತ್ತವೇ ಕೊನೆಯ ಮಾತು ಎಂಬುದೂ ನಿಜವಲ್ಲ. ಪರಿಹಾರವನ್ನು ನಿರ್ಧರಿಸುವ ಅಧಿಕಾರ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯದು. ಮೃತನ ವಯಸ್ಸು, ಆದಾಯ, ಅವಲಂಬಿತರ ಸಂಖ್ಯೆಯನ್ನು ಹಿಡಿದು ಅದು ಲೆಕ್ಕ ಹಾಕುತ್ತದೆ. ಆದ್ದರಿಂದ ಆಸ್ಪತ್ರೆಯ ಹಾಸಿಗೆಯ ಬಳಿ ಯಾರೇ ಚಾಚಿದ ಖಾಲಿ ಹಾಳೆಗೆ ಸಹಿ ಹಾಕುವ ಅಗತ್ಯ ಯಾವ ಕುಟುಂಬಕ್ಕೂ ಇಲ್ಲ. ಗೋವಾ, ಮಂಗಳೂರು, ಬೆಂಗಳೂರುಗಳಿಗೆ ಗುಳೆ ಹೋದವರು ಅಲ್ಲಿಯೇ ಅಪಘಾತಕ್ಕೀಡಾದರೆ ಅಲ್ಲಿಗೇ ಅಲೆಯಬೇಕೆಂದು ಅನೇಕರು ದಾವೆಯನ್ನೇ ಕೈಬಿಡುತ್ತಾರೆ. 166ನೇ ಕಲಮು ಅರ್ಜಿದಾರರು ವಾಸಿಸುವ ಊರಿನ ವ್ಯಾಪ್ತಿಯ ನ್ಯಾಯಮಂಡಳಿಯಲ್ಲೇ ಅರ್ಜಿ ಹಾಕಲು ಅವಕಾಶ ಕೊಟ್ಟಿದೆ. ಆದರೆ 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯು ಅಪಘಾತವಾದ 6 ತಿಂಗಳೊಳಗೆ ಅರ್ಜಿ ಹಾಕಬೇಕೆನ್ನುವುದರಿಂದ, ಊರ ಹಿರಿಯರ ರಾಜಿಗಾಗಿ ಹಬ್ಬದಿಂದ ಹಬ್ಬಕ್ಕೆ ಕಾಯುವುದು ಅಪಾಯಕರ.

ಗುದ್ದಿದ ವಾಹನ ಗುರುತು ಸಿಗದಂತೆ ಪರಾರಿಯಾದರೆ ಪರಿಹಾರವೇ ಇಲ್ಲವೆಂಬುದು ಮತ್ತೊಂದು ತಪ್ಪು. 161ನೇ ಕಲಮಿನಡಿ ಸಾವಿಗೆ 2 ಲಕ್ಷ ರೂಪಾಯಿ, ತೀವ್ರ ಗಾಯಕ್ಕೆ 50,000 ರೂಪಾಯಿ ದೊರೆಯುತ್ತದೆ, ಅದರ ಅರ್ಜಿಯನ್ನು ಸಲ್ಲಿಸಬೇಕಾದದ್ದು ವಿಮಾ ಕಂಪನಿಗಲ್ಲ, ಅಪಘಾತ ನಡೆದ ಭಾಗದ ಕಂದಾಯ ಅಧಿಕಾರಿಗೆ.