ಆಟಕ್ಕುಂಟು, ಲೆಕ್ಕಕ್ಕಿಲ್ಲ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಸೀಮೆಯಲ್ಲಿ ಹುಟ್ಟಿ ಬೆಳೆದ ನಮ್ಮ ಸೋದರಿಯರಲ್ಲಿ ಕಣ್ಣಾಮುಚ್ಚಾಲೆಯನ್ನು ಆಡದೆ ದೊಡ್ಡವರಾದವರು ಯಾರೂ ಇರಲಾರರು. ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡವಳು ಕೈಚಾಚಿ ತಡವರಿಸುತ್ತ ಕಂಬಕ್ಕೆ ಹಾಯುವುದನ್ನು ಕಂಡು ಉಳಿದವರು ನಗುತ್ತಿದ್ದೆವು. ಬಟ್ಟೆಯನ್ನು ಬಿಚ್ಚಿದೊಡನೆ ಅವಳೂ ನಗುತ್ತಿದ್ದಳು. ಕುರುಡುತನವೆಂದರೆ ಕತ್ತಲೆ, ತಡವರಿಕೆ ಎಂಬ ಪಾಠವನ್ನು ನಾವು ಅರಿಯದೆಯೇ ಮೊದಲು ಕಲಿತದ್ದು ಆ ಆಟದಲ್ಲಿ.

ನಮ್ಮ ಬೀದಿಯಲ್ಲಿ ಹುಟ್ಟಿನಿಂದಲೇ ಕಣ್ಣಿಲ್ಲದ ಬಾಲಿಕೆಯೊಬ್ಬಳಿದ್ದಳು. ಅವಳನ್ನು ಆಟಕ್ಕೆ ಸೇರಿಸಿಕೊಳ್ಳದಿದ್ದರೆ ಹಿರಿಯರು ಗದರಿಸುವರೆಂದು, ತೀರ ಚಿಕ್ಕ ಮಕ್ಕಳನ್ನು ಸೇರಿಸಿಕೊಳ್ಳುವಂತೆ, 'ಆಟಕ್ಕುಂಟು, ಲೆಕ್ಕಕ್ಕಿಲ್ಲ' ಎಂದು ಜಗಲಿಯ ಮೇಲೆ ಕೂರಿಸುತ್ತಿದ್ದೆವು. ಒಂದು ದಿನ ಅವಳು ಕೂತಲ್ಲಿಂದಲೇ, ಹುಲ್ಲಿನ ಮೆದೆಯ ಹಿಂದೆ ಯಾರು, ಕೊಟ್ಟಿಗೆಯಲ್ಲಿ ಯಾರು ಎಂಬುದನ್ನು ಕಾಲಸಪ್ಪಳದ ಗುರುತಿನಿಂದ ಒಬ್ಬೊಬ್ಬರ ಹೆಸರು ಹಿಡಿದು ಹೇಳಿಬಿಟ್ಟಳು. ಅದು ಲೆಕ್ಕಕ್ಕಿಲ್ಲವೆಂದು ನಾವು ಕೂಗಿದೆವು. ಮರುದಿನದಿಂದ ಅವಳು ಜಗಲಿಗೆ ಬರಲಿಲ್ಲ. ನಾವು ಹೈಸ್ಕೂಲಿಗೆ ಹೊರಟಾಗ ಅವಳು ಮನೆಯಲ್ಲಿಯೇ ಉಳಿದಳು.

ಇಂದಿನ ಮಕ್ಕಳ ಆಟದ ಬಯಲು ಕಂಪ್ಯೂಟರಿಗೂ ಮೊಬೈಲ್ ಫೋನಿಗೂ ಬಂದಿದೆ. ಈ ವಿಡಿಯೋ ಗೇಮುಗಳಲ್ಲಿ ಅಂಧರೂ ಪಾತ್ರಗಳಾಗಿ ಬರುವುದುಂಟು. ಅವರನ್ನು ಚಿತ್ರಿಸುವ ಬಗೆಯನ್ನು ನೋಡಿದರೆ, ಕಣ್ಣುಳ್ಳವರ ಮನಸ್ಸು ಎಂತಹುದೆಂಬುದು ಚೆನ್ನಾಗಿ ತಿಳಿದುಬರುತ್ತದೆ.

ಮೊದಲನೆಯ ಬಗೆ, ಅದ್ಭುತದ್ದು. 'ಮಾರ್ಟಲ್ ಕಾಂಬ್ಯಾಟ್' ಎಂಬ ಕಾಳಗದ ಆಟದ ಸರಣಿಯಲ್ಲಿ 2002ರಲ್ಲಿ ಕೆನ್ಷಿ ಎಂಬ ಅಂಧ ಖಡ್ಗಧಾರಿಯನ್ನು ತಂದರು. ಮೋಸಕ್ಕೊಳಗಾಗಿ ಕಣ್ಣು ಕಳೆದುಕೊಂಡ ಇವನಿಗೆ ಮಾಯಾಖಡ್ಗವೂ ಮನಶ್ಶಕ್ತಿಯೂ ಒದಗುವುದರಿಂದ ಇವನು ಕಣ್ಣುಳ್ಳವರನ್ನೇ ಸೋಲಿಸಬಲ್ಲನು. ಕೇಳಲು ಇದು ಹೊಗಳಿಕೆಯಂತೆ ತೋರುತ್ತದೆ. ಆದರೆ ಕಣ್ಣಿಲ್ಲದವನು ಮಾಯೆಯಿಂದಲೇ ಗೆಲ್ಲಬೇಕಾದರೆ, ಮಾಯೆಯಿಲ್ಲದ ಸಾಮಾನ್ಯ ಅಂಧನ ಗತಿಯೇನು?

ಎರಡನೆಯ ಬಗೆ, ಕನಿಕರದ್ದು. 2015ರ 'ಬಿಯಾಂಡ್ ಐಸ್' ಎಂಬ ಆಟದಲ್ಲಿ ಬಾಣಬಿರುಸಿನ ಅಪಘಾತದಿಂದ ದೃಷ್ಟಿ ಕಳೆದುಕೊಂಡ ರೇ ಎಂಬ ಹುಡುಗಿ ಕಾಣೆಯಾದ ಬೆಕ್ಕನ್ನು ಹುಡುಕಿಕೊಂಡು ಹೋಗುತ್ತಾಳೆ. ತೆರೆಯೆಲ್ಲ ಬಿಳಿಯ ಹಾಳೆಯಂತಿರುತ್ತದೆ. ಅವಳು ಕೇಳಿದುದು, ಮುಟ್ಟಿದುದು, ಮೂಸಿದುದು ಮಾತ್ರ ಬಣ್ಣ ತಳೆದು ಮೂಡುತ್ತದೆ. ಕಲ್ಪನೆ ಸೊಗಸಾದುದೇ ಸರಿ. ಆದರೆ ಆ ಹುಡುಗಿ ಬಹು ಮೆಲ್ಲನೆ, ಅಂಜುತ್ತ ಅಂಜುತ್ತ ನಡೆಯುತ್ತಾಳೆ. ಆಟದ ಸವಿಯೆಲ್ಲವೂ ಕಣ್ಣಿಗೆ ಕಾಣುವ ಚಿತ್ರದಲ್ಲಿಯೇ ಇದೆ. ಅಂಧಳ ಕಥೆಯನ್ನು ಕಣ್ಣುಳ್ಳವರಿಗಾಗಿಯೇ ಹೇಳಿದಂತಾಯಿತು.

ಈ ಎರಡು ಬಗೆಗಳೂ ನಮಗೆ ಹೊಸವಲ್ಲ. ಹಿರಿಯನಾಗಿದ್ದರೂ ಕಣ್ಣಿಲ್ಲವೆಂಬ ಕಾರಣದಿಂದ ಧೃತರಾಷ್ಟ್ರನಿಗೆ ಮೊದಲು ಪಟ್ಟ ತಪ್ಪಿತೆಂಬ ಕಥೆಯನ್ನು ಬಾಲ್ಯದಿಂದಲೂ ಕೇಳಿದ್ದೇವೆ. ವಿಚಾರವಿಲ್ಲದ ನಂಬಿಕೆಯನ್ನು ಕುರುಡು ನಂಬಿಕೆಯೆನ್ನುತ್ತೇವೆ. ಕನಿಕರಪಟ್ಟರೂ ಬೆರಗುಪಟ್ಟರೂ ಅಂಧರನ್ನು ನಮ್ಮ ಸಾಲಿನಿಂದ ಹೊರಗೆ ಕೂರಿಸಿದಂತೆಯೇ ಆಗುತ್ತದೆ.

ಮೂರನೆಯದೊಂದು ಬಗೆಯೂ ಈಗ ಹುಟ್ಟಿದೆ. ಫ್ರಾನ್ಸಿನಲ್ಲಿ 2015ರಲ್ಲಿ ಸಿದ್ಧವಾದ 'ಎ ಬ್ಲೈಂಡ್ ಲೆಜೆಂಡ್' ಎಂಬ ಆಟದಲ್ಲಿ ಚಿತ್ರಗಳೇ ಇಲ್ಲ. ಎರಡು ಕಿವಿಗಳಿಗೂ ಬೇರೆ ಬೇರೆಯಾಗಿ ಬರುವ ಧ್ವನಿಯಿಂದ ಎಡಬಲಗಳನ್ನೂ ದೂರಸಮೀಪಗಳನ್ನೂ ತಿಳಿಯಬೇಕು. ಅಂಧನಾದ ವೀರನಿಗೆ ಅವನ ಮಗಳ ಕಂಠವೇ ದಾರಿ. ಕೆನಡಾ ದೇಶದ 'ದಿ ವೇಲ್' ಎಂಬ 2021ರ ಆಟದ ನಾಯಕಿ ಹುಟ್ಟಿನಿಂದಲೇ ದೃಷ್ಟಿಯಿಲ್ಲದ ರಾಜಪುತ್ರಿ. ಅದನ್ನು ಅಂಧರ ಸಲಹೆ ಪಡೆದೇ ರಚಿಸಿದರು. 2020ರಲ್ಲಿ ಬಂದ 'ದಿ ಲಾಸ್ಟ್ ಆಫ್ ಅಸ್'ನ ಎರಡನೆಯ ಭಾಗದಲ್ಲಿ ಅಂಗವಿಕಲರ ಅನುಕೂಲಕ್ಕೆ 60ಕ್ಕೂ ಹೆಚ್ಚು ಏರ್ಪಾಡುಗಳಿದ್ದವು. ಅವುಗಳ ನೆರವಿನಿಂದ ಅಂಧರು ಆ ಆಟವನ್ನು ಕೊನೆಮುಟ್ಟಿಸಿದರು. ಇಲ್ಲಿ ಬದಲಾದುದು ಅಂಧರ ಕಣ್ಣಲ್ಲ, ಆಟದ ಕಟ್ಟಳೆ ಎಂಬುದನ್ನು ವಾಚಕರು ಗಮನಿಸಬೇಕು.

ಕಟ್ಟಳೆ ಬದಲಾದರೆ ಏನಾಗಬಹುದೆಂಬುದಕ್ಕೆ ನಿದರ್ಶನವನ್ನು ಪರದೇಶದಲ್ಲಿ ಹುಡುಕಬೇಕಾದುದಿಲ್ಲ. ಅಂಧರ ಕ್ರಿಕೆಟ್ಟಿನಲ್ಲಿ ಚೆಂಡಿನೊಳಗೆ ಗುಂಡುಗಳಿದ್ದು ಅದು ಸದ್ದುಮಾಡುತ್ತ ಉರುಳಿಬರುತ್ತದೆ. ಪೂರ್ಣ ಅಂಧರಾದ ಆಟಗಾರರು ಅದನ್ನು ಕಿವಿಯಿಂದಲೇ ಅರಿತು ಹೊಡೆಯುತ್ತಾರೆ. ಹನ್ನೊಂದು ಮಂದಿಯ ತಂಡದಲ್ಲಿ ಪೂರ್ಣ ಅಂಧರು ನಾಲ್ವರಾದರೂ ಇರತಕ್ಕದ್ದು. ಅವರು ಗಳಿಸಿದ ಒಂದೊಂದು ಓಟವನ್ನು ಎರಡೆರಡಾಗಿ ಎಣಿಸುತ್ತಾರೆ. ನಾವು ಯಾರನ್ನು ಲೆಕ್ಕಕ್ಕಿಲ್ಲವೆಂದೆವೋ ಅವರಿಗೆ ಅಲ್ಲಿ ಎರಡು ಪಟ್ಟು ಲೆಕ್ಕ! ಅಂಧ ಮಹಿಳೆಯರ ಮೊದಲ ಟಿ-20 ವಿಶ್ವಕಪ್ ಪಂದ್ಯಾವಳಿಯ ಅಂತಿಮ ಪಂದ್ಯದಲ್ಲಿ, 2025ರ ನವೆಂಬರ್ 23ರಂದು ಕೊಲಂಬೋ ನಗರದಲ್ಲಿ, ಭಾರತದ ತಂಡವು ನೇಪಾಳವನ್ನು 7 ವಿಕೆಟ್ಟುಗಳಿಂದ ಗೆದ್ದಿತು. ತಂಡದ ನಾಯಕಿ ನಮ್ಮ ಕರ್ನಾಟಕದವರೇ ಆದ ಟಿ. ಸಿ. ದೀಪಿಕಾ.

ತಂದೆತಾಯಿಗಳಲ್ಲಿ ಒಂದು ವಿಜ್ಞಾಪನೆಯಿದೆ. ಮಕ್ಕಳು ಇಂತಹ ಆಟಗಳನ್ನು ಆಡುವಾಗ ಬಳಿಯಲ್ಲಿ ಕುಳಿತು, 'ಇದನ್ನು ಕಣ್ಣಿಲ್ಲದವರೂ ಆಡಬಲ್ಲರೇ?' ಎಂದು ಒಂದು ಮಾತು ಕೇಳಿರಿ. ಕಣ್ಣಿಲ್ಲದ ಮಗು ಮನೆಯಲ್ಲಿಯೋ ನೆರೆಯಲ್ಲಿಯೋ ಇದ್ದರೆ ಅದನ್ನು ಜಗಲಿಯ ಮೇಲೆ ಬಿಡಬೇಡಿರಿ. ನಮ್ಮ ದೇಶದಲ್ಲಿ ಅಂಧರ ಶಾಲೆ 1887ರಷ್ಟು ಹಿಂದೆಯೇ ಅಮೃತಸರದಲ್ಲಿ ಪ್ರಾರಂಭವಾಯಿತು. ನಮಗೆ ಹತ್ತಿರದ ಮೈಸೂರಿನಲ್ಲಿಯೂ ಇಪ್ಪತ್ತನೆಯ ಶತಮಾನದ ಮೊದಲಲ್ಲಿಯೇ ಅಂಧರಿಗೂ ಕಿವುಡರಿಗೂ ಶಾಲೆ ಏರ್ಪಟ್ಟಿತು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ ಪ್ರಕಾರ, ನಿಗದಿಯಾದ ಪ್ರಮಾಣದ ವೈಕಲ್ಯವಿರುವ 6ರಿಂದ 18 ವರ್ಷದ ಮಕ್ಕಳು ಸಮೀಪದ ಶಾಲೆಯಲ್ಲಾಗಲಿ ವಿಶೇಷ ಶಾಲೆಯಲ್ಲಾಗಲಿ ಉಚಿತವಾಗಿ ಕಲಿಯುವ ಹಕ್ಕುಳ್ಳವರು. ಆರು ಚುಕ್ಕೆಗಳ ಬ್ರೈಲ್ ಲಿಪಿಯಲ್ಲಿ ನಮ್ಮ ಕನ್ನಡದ ಅಕ್ಷರಗಳೆಲ್ಲವೂ ಬೆರಳಿಗೆ ಎಟಕುತ್ತವೆ.

ನನ್ನ ಬಾಲ್ಯದ ಆ ಗೆಳತಿ ಅಂದು ನಮ್ಮ ಹೆಸರುಗಳನ್ನು ಒಂದೂ ತಪ್ಪದೆ ಹೇಳಿದ್ದಳು. ಆಟವನ್ನು ಅವಳು ಗೆದ್ದಿದ್ದಳು. ಲೆಕ್ಕದಲ್ಲಿ ತಪ್ಪಿದವರು ನಾವು.