ಬಾಂದ್ರಾದ ಪ್ಲೇಗ್ ಶಿಲುಬೆಗಳು ಹೇಳುವ ಭರವಸೆ

ಮುಂಬೈನ ಬಾಂದ್ರಾದ ಹಳೆಯ ಗಲ್ಲಿಗಳಲ್ಲಿ ನಡೆದಿದ್ದೀರಾ? ತಿರುವಿನಲ್ಲೊಂದು ಕಲ್ಲಿನ ಶಿಲುಬೆ. ಬುಡದಲ್ಲಿ ಹೂಮಾಲೆ, ಉರಿಯುವ ಮೇಣದಬತ್ತಿ. ಅದು ಅಲ್ಲಿಗೆ ಬಂದದ್ದು ಹೇಗೆ ಗೊತ್ತಾ?

1896ರ ಸೆಪ್ಟೆಂಬರ್. ಮುಂಬೈ ಬಂದರಿನ ಪಕ್ಕದ ಮಾಂಡ್ವಿಯಲ್ಲಿ ಪ್ಲೇಗ್ ಕಾಣಿಸಿಕೊಂಡಿತು. ಕೆಲವೇ ತಿಂಗಳಲ್ಲಿ ಲಕ್ಷಾಂತರ ಜನ ಮುಂಬೈ ಬಿಟ್ಟರು. ಉಳಿದವರ ಮನೆಮನೆಯಲ್ಲೂ ಸಾವಿನ ಭಯ. ಆ ವರ್ಷಗಳಲ್ಲಿ ಬಾಂದ್ರಾದ ಕ್ರೈಸ್ತರು ತಮ್ಮ ಬೀದಿಗಳಲ್ಲೇ ಶಿಲುಬೆ ನೆಟ್ಟು, ಸುತ್ತ ನೆರೆದು ಪ್ರಾರ್ಥಿಸಿದರು.

ಶಿಲುಬೆ ನೆಟ್ಟ ಕೂಡಲೇ ರೋಗ ನಿಲ್ಲಲಿಲ್ಲ. ಅದನ್ನು ತಡೆಯಲು ಮುಂಬೈನಲ್ಲೇ ವಿಜ್ಞಾನಿ ಹಾಫ್ಕಿನ್ ಪ್ಲೇಗ್ ಲಸಿಕೆಗಾಗಿ ಹಗಲಿರುಳು ದುಡಿದರು. 1897ರ ಜನವರಿಯಲ್ಲಿ ಅದನ್ನು ಮೊದಲು ತಮ್ಮ ಮೈಗೇ ಚುಚ್ಚಿಕೊಂಡರು. ಹಾಗಾದರೆ ಶಿಲುಬೆ ಕೊಟ್ಟಿದ್ದೇನು? ಒಂಟಿಯಾಗಿ ಅಳುತ್ತಿದ್ದವರನ್ನು ಒಟ್ಟಿಗೆ ನಿಲ್ಲಿಸಿತು.

ಕ್ರೈಸ್ತ ಭರವಸೆ ಎಂದರೆ ಕಷ್ಟವೇ ಬಾರದೆಂಬ ಖಾತರಿಯಲ್ಲ. ನೋವುಂಡ ಕ್ರಿಸ್ತ ನಮ್ಮ ನೋವಿನಲ್ಲೂ ಜೊತೆಗಿದ್ದಾನೆಂಬ ನಂಬಿಕೆ. ಸಂತ ಪೌಲ ರೋಮಿನವರಿಗೆ ಬರೆದ ಪತ್ರದ 5ನೇ ಅಧ್ಯಾಯ ತೋರುವ ದಾರಿಯೂ ಅದೇ: ಸಂಕಟದಿಂದ ಹೊರಟು ಭರವಸೆ ತಲುಪಲು ತಾಳ್ಮೆಯ ಮೆಟ್ಟಿಲು ಹತ್ತಬೇಕು.

ನಿಮಗೂ ಈಗ ಕಷ್ಟಕಾಲವೇ? ಇಂದು ಸಂಜೆ ಒಂದು ದೀಪ ಹಚ್ಚಿ. ಪ್ರಾರ್ಥನೆಗೆ ಒಬ್ಬರನ್ನು ಜೊತೆಗೆ ಕರೆಯಿರಿ. ಆ ಗಲ್ಲಿಯ ಜನ ಮಾಡಿದ್ದೂ ಅಷ್ಟೇ. ಆ ಬೆಳಕು ಇನ್ನೂ ಉರಿಯುತ್ತಿದೆ.