ಕಾಲಾ ಘೋಡಾದಲ್ಲಿ ಗೋಳಗುಮ್ಮಟದ ಕಮಾನು

ಮುಂಬೈಯ ಕಾಲಾ ಘೋಡಾದಲ್ಲಿರುವ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯದ ನಡುವಿನ ಹಾಲ್‌ನಲ್ಲಿ ಕತ್ತೆತ್ತಿದ ಕಾಕಾ ಬಹಳ ಹೊತ್ತು ಕತ್ತು ಇಳಿಸಲೇ ಇಲ್ಲ. ಆಮೇಲೆ ನನ್ನ ತೋಳು ಹಿಡಿದು, "ಇದು ನಮ್ಮ ಗೋಳಗುಮ್ಮಟದ ಕಮಾನ ಐತಲ್ಲೋ!" ಅಂದರು. ವಿಜಯಪುರದ ಕಡೆಯಿಂದ ಬಂದು ಕಾಂದಿವಲಿ, ಮಲಾಡ್‌ಗಳಲ್ಲಿ ಮೂರು ದಶಕ ಗೌಂಡಿ ಕೆಲಸ ಮಾಡಿದವರು ಅವರು. ಈ ಮ್ಯೂಸಿಯಂ ಒಳಗೆ ಕಾಲಿಟ್ಟದ್ದು ಮಾತ್ರ ಮೊನ್ನೆಯೇ ಮೊದಲು.

ಗೌಂಡಿಯ ಕಣ್ಣು ತಪ್ಪಿರಲಿಲ್ಲ. 1914ರಲ್ಲಿ ಕಟ್ಟಿ ಮುಗಿದ ಈ ಕಟ್ಟಡದ ಶಿಲ್ಪಿ ಜಾರ್ಜ್ ವಿಟೆಟ್. ಹೊರಗಿನ ಗುಮ್ಮಟಕ್ಕೆ ಗೋಲ್ಕೊಂಡದ ರೂಪ ತಂದ, ಕೆಳಗಿನ ಕೆತ್ತನೆ ಮರದ ಮಂಟಪವನ್ನು ನಾಸಿಕದ ವಾಡೆಯಿಂದ ತರಿಸಿದ. ಒಳಗಿನ ಕಮಾನುಗಳಿಗೆ ಮಾತ್ರ ಗೋಳಗುಮ್ಮಟವನ್ನೇ ಮಾದರಿ ಮಾಡಿಕೊಂಡ. ನಾನು ಇದನ್ನು ಎಲ್ಲೋ ಓದಿ ಮರೆತಿದ್ದೆ. ಕಾಕಾ ಓದಿಯೇ ಇರಲಿಲ್ಲ, ನೋಡಿ ಗುರುತು ಹಿಡಿದರು.

ಆ ಕಮಾನಿನ ವಿಷಯಕ್ಕೆ ಬಂದರೆ ನನಗೆ ಬೇಗ ಮುಗಿಸಲು ಆಗುವುದಿಲ್ಲ. ಚೌಕದ ಕೋಣೆಯ ಮೇಲೆ ದುಂಡು ಗುಮ್ಮಟ ಕೂರಿಸುವುದು ಹೇಗೆ? ಮೂಲೆಗಳ ಮೇಲೆ ಅದಕ್ಕೆ ಆಸರೆಯೇ ಸಿಗುವುದಿಲ್ಲ. ರಂಗೋಲಿಯಲ್ಲಿ ಒಂದು ಚೌಕದ ಮೇಲೆ ಇನ್ನೊಂದನ್ನು ಓರೆಯಾಗಿ ಬರೆದು ಎಂಟು ಮೂಲೆಯ ನಕ್ಷತ್ರ ಮಾಡುವುದಿಲ್ಲವೆ, ಹಾಗೆ ವಿಜಯಪುರದವರು ಎಂಟು ಕಮಾನುಗಳನ್ನು ಒಂದರೊಳಗೊಂದು ಹಾಯಿಸಿದರು. ಅವು ಹಾಯುವಲ್ಲಿ ಗೋಡೆ ಒಳಕ್ಕೆ ಬಾಗುತ್ತ ಮೇಲೇರಿ, ಒಂದು ದುಂಡು ಕಟ್ಟೆಯಾಗುತ್ತದೆ. ಗುಮ್ಮಟ ಆ ಕಟ್ಟೆಯ ಒಳ ಅಂಚಿನಲ್ಲಿಲ್ಲ, ಹಿಂದೆ ಸರಿದು ಕೂತಿದೆ. ಮುಂದೆ ಉಳಿದ ಜಾಗವೇ ನಾವೆಲ್ಲ ಶಾಲೆಯ ಪ್ರವಾಸದಲ್ಲಿ ಕೂಗಿ ಬಂದ ಪಿಸುಮಾತಿನ ಗ್ಯಾಲರಿ. ಗುಮ್ಮಟದ ಭಾರ ಗೋಡೆಯನ್ನು ಹೊರಕ್ಕೆ ನೂಕುತ್ತದೆ, ಒಳಕ್ಕೆ ಚಾಚಿದ ಕಟ್ಟೆಯ ಭಾರ ಅದನ್ನು ಹಿಡಿದಿಡುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಜೇಮ್ಸ್ ಫರ್ಗುಸನ್ ದೊಡ್ಡ ಗ್ರಂಥದಲ್ಲಿ ವಿವರಿಸಿದ್ದನ್ನು ಕಾಕಾ ಎರಡು ಅಂಗೈ ಒತ್ತಿ ತೋರಿಸಿದರು: "ಅದು ಹೊರಗ ದಬ್ಬತೈತಿ, ಇದು ಒಳಗ ಜಗ್ಗತೈತಿ. ಹಂಗಾಗಿ ನಿಂತೈತಿ."

1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಆ ಗೋರಿಯೊಳಗೆ 18,225 ಚದರ ಅಡಿ ನೆಲ ಒಂದೇ ಗುಮ್ಮಟದ ಕೆಳಗಿದೆ. ರೋಮಿನ ಪ್ಯಾಂಥಿಯನ್‌ನೊಳಗೂ ಇಷ್ಟು ನೆಲವಿಲ್ಲ.

ವಿಟೆಟ್‌ಗೆ ವಿಜಯಪುರವೇ ಏಕೆ ಹೊಳೆಯಿತು? ಬಿಜಾಪುರ ಎಂದು ಕರೆಸಿಕೊಳ್ಳುತ್ತಿದ್ದ ಅದು ಆಗ ಮುಂಬೈ ಪ್ರಾಂತ್ಯದ್ದೇ ಜಿಲ್ಲೆ. 1956ರವರೆಗೂ ನಾವು ಮುಂಬೈಗೇ ಸೇರಿದವರು. ಫರ್ಗುಸನ್ ಮತ್ತು ಮೆಡೋಸ್ ಟೇಲರ್ ಸೇರಿ ತಂದ ಬಿಜಾಪುರದ ಚಿತ್ರಸಂಪುಟ 1866ರಲ್ಲೇ ಅಚ್ಚಾಗಿತ್ತು. ದೇಶೀ ರೂಪ ಬೇಕೆಂದು ಸರ್ಕಾರದ ಶಿಲ್ಪಿಗಳು ಹುಡುಕಿದಾಗ ತಮ್ಮ ಪ್ರಾಂತ್ಯದೊಳಗೇ ಅದು ಸಿಕ್ಕಿತು. ವಿಟೆಟ್‌ಗೆ ಮೇಲಿನವನಾಗಿದ್ದ ಜಾನ್ ಬೆಗ್ ಕಟ್ಟಿಸಿದ ಜಿ.ಪಿ.ಓ. 1913ರದು. ಅದರ ಗುಮ್ಮಟವೂ ಗೋಳಗುಮ್ಮಟದ ಮಾದರಿ ಎಂದು ಪ್ರತಿಯೊಂದು ಕೈಪಿಡಿಯೂ ಹೇಳುತ್ತದೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಹೊರಗಿನ ಉಬ್ಬನ್ನಷ್ಟೇ ತಂದರೆ ವಿಜಯಪುರ ಬಂದಂತಾಗಲಿಲ್ಲ. ಅದರ ಬುದ್ಧಿಯೆಲ್ಲ ಒಳಗಿನ ಕಮಾನಿನಲ್ಲಿದೆ. ಇಂಥ ಕಟ್ಟಡಗಳಿಗೆಲ್ಲ 'ಇಂಡೋ-ಸಾರ್ಸೆನಿಕ್' ಎಂಬ ಒಂದೇ ಚೀಟಿ ಅಂಟಿಸುವುದೂ ನನಗೆ ಸೇರುವುದಿಲ್ಲ. ಆ ಹೆಸರಿನಲ್ಲಿ ಊರೂ ಇಲ್ಲ, ಗೌಂಡಿಯೂ ಇಲ್ಲ.

ಶಿಲ್ಪಗಳ ಗ್ಯಾಲರಿಯಲ್ಲಿ ಇನ್ನೊಂದು ಕಾದಿತ್ತು. ಐಹೊಳೆಯ ಹುಚ್ಚಪ್ಪಯ್ಯನ ಗುಡಿಯ ಛತ್ತಿನಲ್ಲಿದ್ದ ಬ್ರಹ್ಮ, ಏಳನೆಯ ಶತಮಾನದವನು, ಇಲ್ಲಿದ್ದಾನೆ. ಐಹೊಳೆ ಈಗ ಬಾಗಲಕೋಟೆಗೆ ಸೇರಿದೆ, ಅಂದು ಅದೂ ಬಿಜಾಪುರ ಜಿಲ್ಲೆಯೇ. ಕತ್ತೆತ್ತಿ ನೋಡಬೇಕಾದ ಛತ್ತಿನ ಕಲ್ಲನ್ನು ಕಣ್ಣಳತೆಯಲ್ಲಿ ಕಂಡ ಕಾಕಾ ಕೈಮುಗಿದು, ಅಂಚಿನ ಸಂದು ಎಲ್ಲಿ ಕೂಡುತ್ತಿತ್ತೆಂದು ಹುಡುಕತೊಡಗಿದರು.

ಮುಂಬೈಯ ಕಟ್ಟಡಗಳ ಕಥೆಯನ್ನು ಕಾನ್ಹೇರಿ, ಘಾರಾಪುರಿಗಳ ಗುಹೆಗಳಿಂದ ಶುರುಮಾಡುವುದು ರೂಢಿ. ಅಲ್ಲಿಂದ ಮುಂದಿನದನ್ನು ನೋಡಲು ಮ್ಯೂಸಿಯಂ ಎದುರಿನ ಚೌಕವೊಂದೇ ಸಾಕು. ಈಗ ಪೊಲೀಸ್ ಕೇಂದ್ರ ಕಚೇರಿಯಾಗಿರುವ ನಾವಿಕರ ವಸತಿಗೃಹ 1876ರದು; ಮುಂದೆ ವಿ.ಟಿ. ನಿಲ್ದಾಣ ಕಟ್ಟಿದ ಎಫ್. ಡಬ್ಲ್ಯೂ. ಸ್ಟೀವನ್ಸ್‌ನ ಗಾಥಿಕ್. ಅದೇ ಚೌಕದ ರೀಗಲ್ ಟಾಕೀಸು ಅವನ ಮಗ ಚಾರ್ಲ್ಸ್‌ನದು, 1933ರ ಆರ್ಟ್ ಡೆಕೊ. ಅಪ್ಪನ ಚೂಪು ಕಮಾನುಗಳಿಂದ ಮಗನ ನುಣುಪು ಸಿಮೆಂಟಿಗೆ ಬರಲು ಅರವತ್ತು ವರ್ಷವೂ ಹಿಡಿಯಲಿಲ್ಲ. ಕಬ್ಬಿಣದ ಸರಳು ಬಂದ ಮೇಲೆ ಕಮಾನಿನ ಹಂಗೇ ಉಳಿಯಲಿಲ್ಲ. ಈ ಗಾಥಿಕ್ ಮತ್ತು ಡೆಕೊ ಕಟ್ಟಡಗಳ ಸಮೂಹ 2018ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು.

ಕಾಕಾ ಕಟ್ಟಿದ್ದೆಲ್ಲ ಸರಳು, ಸೆಂಟ್ರಿಂಗ್, ಸ್ಲ್ಯಾಬ್. ಒಂದು ಕಮಾನನ್ನೂ ಎಬ್ಬಿಸಲಿಲ್ಲವೆಂಬ ಕೊರಗು ಅವರಿಗೆ ಅಂದು ಮೊದಲ ಸಲ ಬಂದಂತಿತ್ತು. ಚರ್ಚ್‌ಗೇಟ್‌ನಲ್ಲಿ ಲೋಕಲ್ ಹತ್ತಿದ ಮೇಲೆ, ಗೋರಾಯಿಯ ವಿಪಶ್ಯನಾ ಪಗೋಡಾದ ಸುದ್ದಿ ಹೇಳಿದೆ: 2009ರಲ್ಲಿ ಉದ್ಘಾಟನೆಯಾದದ್ದು, ಒಳಗೆ ಒಂದೂ ಕಂಬವಿಲ್ಲ, ಕಲ್ಲಿಗೆ ಕಲ್ಲು ಕಚ್ಚಿಸಿ ನಿಲ್ಲಿಸಿದ ಗುಮ್ಮಟ, ಎಂಟು ಸಾವಿರ ಜನ ಕೂರಬಹುದು.

"ಕಂಬ ಇಲ್ಲ?" ಅಂದರು.

"ಇಲ್ಲ ಕಾಕಾ."

ಬೋರಿವಲಿ ಬರುವತನಕ ಅವರ ಅಂಗೈಗಳು ಒಂದನ್ನೊಂದು ಒತ್ತುತ್ತಲೇ ಇದ್ದವು. ಇಳಿಯುವಾಗ ಕೇಳಿದರು, "ಬರೋ ಐತಾರ ನಿನಗ ಸೂಟಿ ಐತೇನು?"